ಎರೆಮಣ್ಣಿನಿಂದ ರಷ್ಯನ್‌ಗೆ ಒಂದು ಒಳದಾರಿ

ರಷ್ಯನ್ ಕಾದಂಬರಿಗಳನ್ನು ಓದಲು ತೊಡಗಿದವರದು ಸಾಮಾನ್ಯವಾಗಿ ಒಂದೇ ದೂರು: ಹೆಸರುಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಒಬ್ಬನೇ ಮನುಷ್ಯ ಒಂದು ಪುಟದಲ್ಲಿ ಬರೀ ಹೆಸರಿನಿಂದ, ಮುಂದಿನ ಪುಟದಲ್ಲಿ ಎರಡು ಹೆಸರು ಸೇರಿಸಿ, ಮತ್ತೊಂದು ಕಡೆ ಅಡ್ಡಹೆಸರಿನಿಂದ ಕಾಣಿಸಿಕೊಳ್ಳುತ್ತಾನೆ. ಆದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಓದುಗರಿಗೆ ಇದು ತೊಡಕಾಗಬೇಕಿಲ್ಲ. ಈ ಸೀಮೆಯ ಶಾಲೆಯ ಹಾಜರಿ ಪುಸ್ತಕದಲ್ಲಿ, ಹೊಲದ ಉತಾರದಲ್ಲಿ, ಮತದಾರರ ಯಾದಿಯಲ್ಲಿ ಇರುವುದೂ ಅದೇ ಕ್ರಮ. ಮೊದಲು ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಇದ್ದ ಹಾಗೆಯೇ ಲೆವ್ ನಿಕೊಲಾಯೆವಿಚ್ ಟಾಲ್‌ಸ್ಟಾಯ್. ನಿಕೊಲಾಯೆವಿಚ್ ಎಂದರೆ ನಿಕೊಲಾಯ್‌ನ ಮಗ. ಮಗಳಾದರೆ ನಿಕೊಲಾಯೆವ್ನಾ. ಯಾರನ್ನಾದರೂ ಗೌರವದಿಂದ ಕರೆಯಬೇಕಾದಾಗ ರಷ್ಯನ್ನರು ಅಡ್ಡಹೆಸರು ಬಿಟ್ಟು, ಹೆಸರಿನ ಜೊತೆ ತಂದೆಯ ಹೆಸರನ್ನು ಸೇರಿಸಿ ಕರೆಯುತ್ತಾರೆ.

ಈ ಸಾಮ್ಯ ಸಣ್ಣದು. ಆದರೆ ಅದು ಒಂದು ದೊಡ್ಡ ಮಾತಿಗೆ ದಾರಿ ಮಾಡಿಕೊಡುತ್ತದೆ. ರಷ್ಯನ್ ಸಾಹಿತ್ಯ ಕನ್ನಡಿಗರಿಗೆ ಪರಿಚಯವಾಗಿ ಬಹುಕಾಲವಾಯಿತು. ಆದರೆ ಅದು ಬಂದದ್ದು ಬಹುಮಟ್ಟಿಗೆ ಇಂಗ್ಲಿಷಿನ ಹಾದಿಯಿಂದ. ಇದರಿಂದಾಗಿ, ಮೊದಲು ಇಂಗ್ಲಿಷ್ ಚೆನ್ನಾಗಿ ಬರಬೇಕು, ಆಮೇಲೆ ಮಾತ್ರ ಉಳಿದ ವಿದೇಶಿ ಭಾಷೆ ಎಂಬ ನಂಬಿಕೆ ಬೇರೂರಿತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಹುಡುಗಿಯರು ಆ ಕಡೆ ತಲೆ ಹಾಕದಿರಲು ಈ ನಂಬಿಕೆಯೂ ಒಂದು ಕಾರಣ. ರಷ್ಯನ್ ಮತ್ತು ಅದರ ಸೋದರ ಭಾಷೆಗಳ ರಚನೆಯನ್ನು ನೋಡಿದರೆ ಈ ನಂಬಿಕೆ ಎಷ್ಟು ಪೊಳ್ಳು ಎಂಬುದು ತಿಳಿಯುತ್ತದೆ. ಅನೇಕ ಕಡೆ ಕನ್ನಡವೇ ಅವುಗಳಿಗೆ ಹತ್ತಿರದ ದಾರಿ.

ಬೀದರಿಗೆ ಬಂದ ಕುದುರೆ ವ್ಯಾಪಾರಿ

ಕರ್ನಾಟಕಕ್ಕೂ ಸ್ಲಾವಿಕ್ ಜಗತ್ತಿಗೂ ಇರುವ ನಂಟಿನ ಮೊದಲ ಪ್ರಸಿದ್ಧ ದಾಖಲೆ ಇಂಗ್ಲಿಷರು ಇಲ್ಲಿಗೆ ಬರುವುದಕ್ಕಿಂತ ಬಹಳ ಹಿಂದಿನದು. ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 15ನೇ ಶತಮಾನದಲ್ಲಿ, ಸಾಮಾನ್ಯವಾಗಿ ಒಪ್ಪಿರುವ ಲೆಕ್ಕದಂತೆ 1469ರಿಂದ 1472ರ ನಡುವೆ, ಬಹಮನಿ ರಾಜ್ಯದಲ್ಲಿ ಓಡಾಡಿದ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅಂದರೆ ನಿಕಿತಿನ್ ಅವನಿಗಿಂತ ಸುಮಾರು ಕಾಲು ಶತಮಾನ ಮೊದಲೇ ಬಂದವನು. ಕೊಂಕಣದ ಚೌಲ್ ಬಂದರಿನಲ್ಲಿ ಇಳಿದು, ಮಾರಲು ತಂದಿದ್ದ ಒಂದು ಗಂಡು ಕುದುರೆಯೊಂದಿಗೆ ಜುನ್ನರಿಗೆ ಬಂದ. ಅಲ್ಲಿಯ ಖಾನ ಕುದುರೆಯನ್ನು ಕಸಿದುಕೊಂಡು, ಇಸ್ಲಾಂ ಸ್ವೀಕರಿಸಿದರೆ ಹಿಂತಿರುಗಿಸುವುದಾಗಿ ಹೇಳಿದ. ಖುರಾಸಾನದ ಒಬ್ಬ ಮುಸ್ಲಿಮನೇ ನಡುವೆ ಬಂದು ಅವನನ್ನು ಬಿಡಿಸಿದ. ಅಲ್ಲಿಂದ ಬೀದರಿಗೆ ಹೋದ ನಿಕಿತಿನ್, ಕಲಬುರ್ಗಿ, ರಾಯಚೂರುಗಳ ವಿಷಯವನ್ನೂ ತನ್ನ ಬರಹದಲ್ಲಿ ತಂದಿದ್ದಾನೆ. ವಿಜಯನಗರದ ಹೆಸರೂ ಅದರಲ್ಲಿ ಬರುತ್ತದೆ.

ಅವನ ಬರಹಕ್ಕೆ ‘ಮೂರು ಸಮುದ್ರಗಳಾಚೆಯ ಪಯಣ’ ಎಂದು ಹೆಸರು. ಸರದಾರರ ಸಿರಿಯನ್ನೂ ಹಳ್ಳಿಯ ಜನರ ಬಡತನವನ್ನೂ ಅವನು ಪಕ್ಕಪಕ್ಕದಲ್ಲಿಟ್ಟು ನೋಡಿದ. ತಾನು ಮುಸಲ್ಮಾನನಲ್ಲ, ಕ್ರೈಸ್ತ ಎಂದು ತಿಳಿಸಿದ ಮೇಲೆ ಇಲ್ಲಿಯ ಹಿಂದೂಗಳು ತನ್ನಿಂದ ಯಾವುದನ್ನೂ ಮುಚ್ಚಿಡಲಿಲ್ಲ ಎಂದು ಬರೆದಿದ್ದಾನೆ. ಅವರೊಂದಿಗೆ ‘ಪರ್ವತ’ ಎಂಬ ಕ್ಷೇತ್ರದ ಜಾತ್ರೆಗೂ ಹೋಗಿದ್ದ. ಅದು ಶ್ರೀಶೈಲವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಇಂದಿಗೂ ಜನ ಮಲ್ಲಯ್ಯನ ದರ್ಶನಕ್ಕೆ ಪಾದಯಾತ್ರೆ ಹೋಗುವುದು ಆ ಶ್ರೀಶೈಲಕ್ಕೇ.

ನಿಕಿತಿನ್ ಊರು ಮುಟ್ಟಲಿಲ್ಲ. ದಾರಿಯಲ್ಲಿ ಸ್ಮೊಲೆನ್ಸ್ಕ್ ಬಳಿ ತೀರಿಕೊಂಡ. ಅವನ ಬರಹದ ಪ್ರತಿ ಮಠವೊಂದರಲ್ಲಿ ಉಳಿದಿತ್ತು. 19ನೇ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್ಜಿನ್ ಅದನ್ನು ಬೆಳಕಿಗೆ ತಂದರು. 1957ರಲ್ಲಿ ಖ್ವಾಜಾ ಅಹಮದ್ ಅಬ್ಬಾಸ್ ಮತ್ತು ವಸೀಲಿ ಪ್ರೊನಿನ್ ನಿರ್ದೇಶನದ ‘ಪರದೇಸಿ’ ಚಿತ್ರದಲ್ಲಿ ಅವನ ಕಥೆ ತೆರೆಗೆ ಬಂತು. ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ಆ ವ್ಯಾಪಾರಿಗೂ ಬೀದರಿನ ಜನರಿಗೂ ನಡುವೆ ಇಂಗ್ಲಿಷ್ ಇರಲಿಲ್ಲ. ಪಾರ್ಸಿ, ತುರ್ಕಿ ಮಾತುಗಳನ್ನು ಬಳಸಿ ಅವನು ವ್ಯವಹರಿಸಿದ. ಆ ಮಾತುಗಳು ಅವನ ರಷ್ಯನ್ ಬರಹದಲ್ಲೂ ಕಲೆತುಹೋಗಿವೆ.

ಇಂಗ್ಲಿಷಿನ ಹೊಸ್ತಿಲು ದಾಟಿ

20ನೇ ಶತಮಾನದಲ್ಲಿ ನಂಟು ಮತ್ತೆ ಚಿಗುರಿದಾಗ ಪರಿಸ್ಥಿತಿ ಬದಲಾಗಿತ್ತು. ಗಾಂಧೀಜಿಯವರ ಮೂಲಕ ಟಾಲ್‌ಸ್ಟಾಯ್ ಹೆಸರು ಭಾರತದ ಮನೆಮಾತಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರರು ‘ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳು’ ಎಂಬ ಕಥೆಯನ್ನೇ ಬರೆದರು. ಪ್ರಗತಿಶೀಲ ಚಳವಳಿಯ ಲೇಖಕರಿಗೆ ಗಾರ್ಕಿ ಆದರ್ಶವಾದ. ಅವನ ‘ತಾಯಿ’ಯನ್ನು ನಿರಂಜನ ಕನ್ನಡಕ್ಕೆ ತಂದರು. ದೇ. ಜವರೇಗೌಡರು ಟಾಲ್‌ಸ್ಟಾಯ್‌ನ ದೊಡ್ಡ ಕಾದಂಬರಿಗಳನ್ನು ಅನುವಾದಿಸಿದರು. ‘ಯುದ್ಧ ಮತ್ತು ಶಾಂತಿ’ಯನ್ನು ಈ ಶತಮಾನದಲ್ಲಿ ಓ.ಎಲ್. ನಾಗಭೂಷಣ ಸ್ವಾಮಿಯವರು ಮತ್ತೊಮ್ಮೆ ಕನ್ನಡಿಸಿದರು. ಬೆಳಗಾವಿ ಸೀಮೆಯ ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರಿಗೆ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗಾಗಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು.

ಇನ್ನೊಂದೆಡೆ ಮಾಸ್ಕೋದಲ್ಲೇ ಅಚ್ಚಾದ ಕನ್ನಡ ಪುಸ್ತಕಗಳು ಬರತೊಡಗಿದವು. ಪ್ರಗತಿ ಪ್ರಕಾಶನ, ರಾದುಗ ಪ್ರಕಾಶನಗಳ ಗಟ್ಟಿ ರಟ್ಟಿನ, ಬಣ್ಣದ ಚಿತ್ರಗಳ ಪುಸ್ತಕಗಳು ಅಗ್ಗದ ಬೆಲೆಗೆ ಸಿಗುತ್ತಿದ್ದವು. 1960ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನ ಅವುಗಳನ್ನು ಓದುಗರಿಗೆ ತಲುಪಿಸಿತು. ‘ಸೋವಿಯತ್ ಲ್ಯಾಂಡ್’ ಪತ್ರಿಕೆಗೆ ಕನ್ನಡ ಆವೃತ್ತಿಯೂ ಇತ್ತು. ಅದರ ನುಣುಪು ಹಾಳೆಗಳು ಶಾಲಾ ಮಕ್ಕಳ ಪುಸ್ತಕಗಳಿಗೆ ಹೊದಿಕೆಯಾದದ್ದು ಒಂದು ತಲೆಮಾರಿನ ಎಲ್ಲರಿಗೂ ನೆನಪಿರುವ ಸಂಗತಿ.

ಕನ್ನಡದ ಅನುವಾದಕರ ಶ್ರಮ ದೊಡ್ಡದು. ಅವರು ಕೈಗೆ ಸಿಕ್ಕ ದಾರಿಯಲ್ಲಿ ನಡೆದು ಕನ್ನಡಕ್ಕೆ ಒಂದು ಲೋಕವನ್ನೇ ತಂದುಕೊಟ್ಟರು. ಆದರೆ ಇಂಗ್ಲಿಷ್ ದಾಟಿ ಬಂದದ್ದರ ಗುರುತು ಹೆಸರುಗಳಲ್ಲೇ ಉಳಿದುಕೊಂಡಿದೆ. ರಷ್ಯನ್ ಭಾಷೆಯಲ್ಲಿ ‘ಟ’ ಇಲ್ಲ, ‘ಡ’ ಇಲ್ಲ. ಅಲ್ಲಿರುವುದು ಕನ್ನಡದ ‘ತ’ ಮತ್ತು ‘ದ’ಗಳಂತೆ ನಾಲಿಗೆ ಹಲ್ಲಿಗೆ ತಾಗಿ ಹೊರಡುವ ಧ್ವನಿ. ರಷ್ಯನ್ನರ ಬಾಯಲ್ಲಿ ಟಾಲ್‌ಸ್ಟಾಯ್ ‘ತಲ್‌ಸ್ತೋಯ್’, ಡಾಸ್ಟೊಯೆವ್‌ಸ್ಕಿ ‘ದಸ್ತಯೇವ್‌ಸ್ಕಿ’. ಇಂಗ್ಲಿಷರ ನಾಲಿಗೆಗೆ ಈ ‘ತ’ ಒಗ್ಗುವುದಿಲ್ಲ, ಕನ್ನಡಿಗರಿಗೆ ಹುಟ್ಟಿನಿಂದಲೇ ಬರುತ್ತದೆ. ಆದರೂ ಕನ್ನಡದಲ್ಲಿ ನಿಂತದ್ದು ಇಂಗ್ಲಿಷಿನ ‘ಟ’ಕಾರವೇ.

ಹೆಸರಿನ ಉಚ್ಚಾರ ಹೋದರೆ ಹೋಗಲಿ ಎನ್ನಬಹುದು. ಆದರೆ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ರಷ್ಯನ್‌ನಲ್ಲಿ ‘ತಿ’ ಎಂದರೆ ನೀನು, ‘ವಿ’ ಎಂದರೆ ನೀವು. ಪಾತ್ರಗಳು ನೀನಿನಿಂದ ನೀವಿಗೆ, ನೀವಿನಿಂದ ನೀನಿಗೆ ಹೊರಳುವಾಗ ಪ್ರೀತಿ, ಸಿಟ್ಟು, ಅವಮಾನ ಎಲ್ಲವೂ ಅದರಲ್ಲಿ ತಿಳಿಯುತ್ತವೆ. ಇಂದಿನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು. ಇಂಗ್ಲಿಷ್ ಪ್ರತಿಯನ್ನು ಮುಂದಿಟ್ಟುಕೊಂಡ ಕನ್ನಡದ ಅನುವಾದಕ, ಮೂಲದಲ್ಲಿ ಸ್ಪಷ್ಟವಾಗಿರುವುದನ್ನು ಊಹಿಸಿ ಬರೆಯಬೇಕಾಗುತ್ತದೆ. ನೆಂಟಸ್ತಿಕೆಯ ಮಾತುಗಳದೂ ಅದೇ ಪಾಡು. ಗಂಡನ ಸೋದರನಿಗೆ ರಷ್ಯನ್‌ನಲ್ಲಿ ಒಂದು ಹೆಸರು, ಹೆಂಡತಿಯ ಸೋದರನಿಗೆ ಇನ್ನೊಂದು. ಭಾವ, ಮೈದುನ ಎಂದು ವಿಂಗಡಿಸುವ ಕನ್ನಡಿಗರಿಗೆ ಈ ಸೂಕ್ಷ್ಮ ಗೊತ್ತು. ಇಂಗ್ಲಿಷಿನಲ್ಲಿ ಎಲ್ಲರೂ ‘ಬ್ರದರ್ ಇನ್ ಲಾ’.

ಇನ್ನೊಂದು ಉದಾಹರಣೆ ‘ಮಿರ್’ ಎಂಬ ಪದ. ಅದಕ್ಕೆ ಶಾಂತಿ ಎಂಬ ಅರ್ಥವಿದೆ, ಜಗತ್ತು ಎಂಬ ಅರ್ಥವೂ ಇದೆ. ಇವಲ್ಲದೆ, ಹಳೆಯ ರಷ್ಯಾದ ಹಳ್ಳಿಯ ರೈತರೆಲ್ಲ ಸೇರಿ ಹೊಲಗಳನ್ನು ಹಂಚಿಕೊಳ್ಳುತ್ತಿದ್ದ ಕೂಟಕ್ಕೂ ಅದೇ ಹೆಸರು. ಇಂಗ್ಲಿಷ್ ಪುಸ್ತಕಗಳಲ್ಲಿ ಅದು ‘ಕಮ್ಯೂನ್’ ಆಗಿ, ಹಾಗೆಯೇ ಕನ್ನಡಕ್ಕೆ ಇಳಿಯಿತು. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಊರವರೆಲ್ಲ ಕೂಡಿದರೆ ಅದಕ್ಕೆ ‘ದೈವ ಕೂಡಿತು’ ಎನ್ನುತ್ತಾರೆ. ‘ದೈವ’ ಮತ್ತು ‘ಮಿರ್’ ಎಲ್ಲ ರೀತಿಯಲ್ಲೂ ಒಂದೇ ಅಲ್ಲದಿರಬಹುದು. ಆದರೆ ‘ಕಮ್ಯೂನ್’ಗಿಂತ ‘ದೈವ’ ಎಂಬ ಮಾತು ರಷ್ಯಾದ ರೈತನ ಮನಸ್ಸಿಗೆ ಎಷ್ಟೋ ಹತ್ತಿರ.

ವಿಶ್ವವಿದ್ಯಾಲಯಗಳ ಬಾಗಿಲು

ಮೂಲ ಭಾಷೆಯನ್ನೇ ಕಲಿಯುವ ವ್ಯವಸ್ಥೆ ಭಾರತದಲ್ಲಿ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಳೆಯಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲೇ ರಷ್ಯನ್ ಬೋಧನೆ ಶುರುವಾಗಿತ್ತು. 1955ರಲ್ಲಿ ಭಿಲಾಯಿ ಉಕ್ಕಿನ ಕಾರ್ಖಾನೆಗೆ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದವಾದ ಮೇಲೆ ದುಭಾಷಿಗಳು, ತಾಂತ್ರಿಕ ಅನುವಾದಕರು ಬೇಕಾದರು. 1965ರಲ್ಲಿ ದೆಹಲಿಯಲ್ಲಿ ರಷ್ಯನ್ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಆರಂಭವಾಯಿತು. 1969ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದು ಅಲ್ಲಿ ಸೇರಿಕೊಂಡಿತು. ಇಂದಿನ ರಷ್ಯನ್ ಅಧ್ಯಯನ ಕೇಂದ್ರದ ಮೂಲ ಅದೇ.

ದಕ್ಷಿಣದಲ್ಲಿ ಹೈದರಾಬಾದಿನ ಸಂಸ್ಥೆ ಮುಖ್ಯವಾದುದು. ಇಂಗ್ಲಿಷ್ ಬೋಧನೆಗಾಗಿ 1958ರಲ್ಲಿ ಆರಂಭವಾದ ಆ ಸಂಸ್ಥೆಯನ್ನು ಮೊದಲ ವರ್ಷಗಳಲ್ಲಿ ನಡೆಸಿದವರು ಧಾರವಾಡದ ಕರ್ನಾಟಕ ಕಾಲೇಜಿನ ಪ್ರಾಂಶುಪಾಲರಾಗಿದ್ದ ವಿನಾಯಕ ಕೃಷ್ಣ ಗೋಕಾಕರು. 1972ರಲ್ಲಿ ಅದು ಇಂಗ್ಲಿಷ್ ಜೊತೆಗೆ ವಿದೇಶಿ ಭಾಷೆಗಳ ಸಂಸ್ಥೆಯೂ ಆಯಿತು. ರಷ್ಯನ್‌ಗೆ ಅಲ್ಲಿ ಜಾಗ ಸಿಕ್ಕಿತು. 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಗಿ ಬಡ್ತಿ ಪಡೆಯಿತು. ಕರ್ನಾಟಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗದಲ್ಲಿ ರಷ್ಯನ್ ತರಗತಿಗಳು ನಡೆದವು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಜರ್ಮನ್, ಫ್ರೆಂಚ್ ಜೊತೆಗೆ ರಷ್ಯನ್ ಕಲಿಸಲಾಯಿತು.

ಅದೇ ಕಾಲದಲ್ಲಿ ಮಾಸ್ಕೋದಲ್ಲಿ ನಡೆದ ಕೆಲಸ ಕನ್ನಡಿಗರಿಗೆ ಅಷ್ಟಾಗಿ ತಿಳಿದಿಲ್ಲ. ದ್ರಾವಿಡ ಭಾಷಾವಿಜ್ಞಾನಿ ಮಿಖಾಯಿಲ್ ಅಂದ್ರೊನೊವ್ 1962ರಲ್ಲಿ ಕನ್ನಡ ಭಾಷೆಯ ಬಗ್ಗೆ ರಷ್ಯನ್‌ನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. 1979ರಲ್ಲಿ ಅವರೂ ದಾಶ್ಕೊ, ಮಕರೆಂಕೊ ಎಂಬ ಇಬ್ಬರು ವಿದ್ವಾಂಸರೂ ಸೇರಿ ಕನ್ನಡ–ರಷ್ಯನ್ ನಿಘಂಟನ್ನು ಹೊರತಂದರು. ಕನ್ನಡದಿಂದ ನೇರವಾಗಿ ರಷ್ಯನ್‌ಗೆ ಹೋಗುವ ಸೇತುವೆ ಸಾಧ್ಯ ಎಂಬುದಕ್ಕೆ ಆ ನಿಘಂಟೇ ಸಾಕ್ಷಿ. ಅದನ್ನು ಕಟ್ಟಿದವರು ಆಚೆ ದಡದವರು ಎಂಬುದೇ ಯೋಚಿಸಬೇಕಾದ ಸಂಗತಿ.

‘ನ್ಯೆತ್’ ಎಂದರೆ ‘ಇಲ್ಲ’

ಇನ್ನು ಭಾಷೆಯ ವಿಷಯ. ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ 33 ಅಕ್ಷರಗಳು. ಕನ್ನಡದ ವರ್ಣಮಾಲೆ ಕಲಿತವರಿಗೆ ಕೆಲವು ದಿನಗಳ ಕೆಲಸ. ವ್ಯಾಕರಣಕ್ಕೆ ಬಂದರೆ, ಇಂಗ್ಲಿಷಿನಿಂದ ಹೋಗುವವರು ಎಡವುವ ಅನೇಕ ಕಡೆ ಕನ್ನಡಿಗರಿಗೆ ನೆಲ ಸಪಾಟು.

‘ನನಗ ಥಂಡಿ ಹತ್ತೈತಿ’ ಎನ್ನುತ್ತಾರೆ ಧಾರವಾಡದವರು. ಇಂಗ್ಲಿಷಿನವರು ‘ನಾನು ಥಂಡಿಯಾಗಿದ್ದೇನೆ’ ಎನ್ನುವ ರೀತಿಯಲ್ಲಿ ಹೇಳುತ್ತಾರೆ. ರಷ್ಯನ್ನರು ಹೇಳುವುದು ‘ಮ್ನ್ಯೆ ಖೋಲದ್ನ’. ‘ಮ್ನ್ಯೆ’ ಎಂದರೆ ‘ನನಗೆ’. ‘ನನಗೆ ಇಪ್ಪತ್ತು ವರ್ಷ’ ಎನ್ನಲೂ ಅದೇ ಚತುರ್ಥಿ ವಿಭಕ್ತಿ: ‘ಮ್ನ್ಯೆ ದ್ವಾತ್ಸತ್ ಲ್ಯೆತ್’. ‘ನನಗ ಬೇಕು’ ಎನ್ನುವಲ್ಲಿ ‘ಬೇಕು’ ಹೇಗೆ ಯಾರಿಗೆ ಹೇಳಿದರೂ ಬದಲಾಗುವುದಿಲ್ಲವೋ, ಹಾಗೆಯೇ ರಷ್ಯನ್‌ನ ‘ನಾದ’ ಕೂಡ ಬದಲಾಗುವುದಿಲ್ಲ. ‘ಅವನು ನನ್ನ ತಮ್ಮ’ ಎಂಬ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ‘ಒನ್ ಮೊಯ್ ಬ್ರಾತ್’ ಎಂಬ ರಷ್ಯನ್ ವಾಕ್ಯದಲ್ಲೂ ಇಲ್ಲ. ‘ಅವನು, ನನ್ನ, ಸೋದರ’, ಅಷ್ಟೇ.

‘ನನ್ನ ಕಡೆ ರೊಕ್ಕ ಇಲ್ಲ’ ಎಂಬ ಮಾತನ್ನು ನೋಡಿ. ರಷ್ಯನ್‌ನಲ್ಲಿ ‘ನಾನು ಹೊಂದಿದ್ದೇನೆ’ ಎಂಬ ಧಾಟಿ ದಿನಬಳಕೆಯಲ್ಲಿ ಅಪರೂಪ. ಅವರೂ ‘ನನ್ನ ಕಡೆ ಇದೆ’, ‘ನನ್ನ ಕಡೆ ಇಲ್ಲ’ ಎಂದೇ ಹೇಳುತ್ತಾರೆ. ಇದಕ್ಕೆ ಅವರು ಬಳಸುವ ‘ನ್ಯೆತ್’ ಎಂಬ ಪದ ಥೇಟು ಕನ್ನಡದ ‘ಇಲ್ಲ’. ‘ಊಟ ಆಯಿತೇ?’ ಎಂಬ ಪ್ರಶ್ನೆಗೆ ಉತ್ತರವಾದ ‘ಇಲ್ಲ’ವೂ ಅದೇ, ‘ರೊಕ್ಕ ಇಲ್ಲ’ ಎನ್ನುವಲ್ಲಿಯ ‘ಇಲ್ಲ’ವೂ ಅದೇ. ಇಂಗ್ಲಿಷಿನ ‘ಎ’, ‘ದಿ’ಗಳ ಕಾಟ ರಷ್ಯನ್‌ನಲ್ಲೂ ಇಲ್ಲ. ವಿಭಕ್ತಿ ಪ್ರತ್ಯಯಗಳು ಆರು. ಪ್ರಥಮಾ, ದ್ವಿತೀಯಾ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಅವುಗಳ ಕೆಲಸವೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಎಲ್ಲವೂ ಸುಲಭವಲ್ಲ. ಕನ್ನಡದಲ್ಲಿ ಮೇಜು, ಪುಸ್ತಕ, ಕಿಟಕಿ ಎಲ್ಲವೂ ನಪುಂಸಕ. ರಷ್ಯನ್‌ನಲ್ಲಿ ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ಮಾತ್ರ ನಪುಂಸಕ. ಮರಾಠಿ ಬಲ್ಲವರಿಗೆ ಈ ತೊಂದರೆ ಹೊಸದಲ್ಲ. ಎರಡು, ಮೂರು, ನಾಲ್ಕರ ಮುಂದೆ ನಾಮಪದಕ್ಕೆ ಒಂದು ರೂಪ, ಐದರ ಮುಂದೆ ಇನ್ನೊಂದು. ನಡೆದು ಹೋಗುವುದಕ್ಕೆ ಒಂದು ಕ್ರಿಯಾಪದ, ಗಾಡಿಯಲ್ಲಿ ಹೋಗುವುದಕ್ಕೆ ಬೇರೊಂದು. ಮಾಡುತ್ತಿದ್ದ ಕೆಲಸಕ್ಕೂ ಮಾಡಿ ಮುಗಿಸಿದ ಕೆಲಸಕ್ಕೂ ಬೇರೆ ಬೇರೆ ಕ್ರಿಯಾಪದಗಳು. ಈ ಕೊನೆಯದಕ್ಕೆ ‘ಓದಿದ’, ‘ಓದಿಬಿಟ್ಟ’ ಎಂಬ ಕನ್ನಡದ ವ್ಯತ್ಯಾಸ ಸ್ವಲ್ಪ ನೆರವಾಗುತ್ತದೆ. ಉಳಿದದ್ದಕ್ಕೆ ಅಭ್ಯಾಸವೊಂದೇ ದಾರಿ.

ಕಪ್ಪು ನೆಲದ ಮಾತು

ವ್ಯಾಕರಣದ ಈ ಹೋಲಿಕೆ ಕಾಕತಾಳೀಯ. ಕನ್ನಡ ದ್ರಾವಿಡ ಭಾಷೆ, ರಷ್ಯನ್ ಇಂಡೋ-ಯುರೋಪಿಯನ್ ಕುಟುಂಬದ್ದು. ಆದರೆ ಸಂಸ್ಕೃತವೂ ಅದೇ ಕುಟುಂಬಕ್ಕೆ ಸೇರಿದ್ದರಿಂದ, ಕನ್ನಡ ಸಂಸ್ಕೃತದಿಂದ ಪಡೆದ ಪದಗಳ ದೂರದ ನೆಂಟರು ರಷ್ಯನ್‌ನಲ್ಲಿ ಸಿಗುತ್ತಾರೆ. ಅಗ್ನಿಗೆ ‘ಅಗೋನ್’, ಭ್ರಾತೃವಿಗೆ ‘ಬ್ರಾತ್’, ವಿಧವೆಗೆ ‘ವ್ದವಾ’, ಆಕಾಶ ಎಂಬ ಅರ್ಥದ ನಭಕ್ಕೆ ‘ನ್ಯೇಬ’, ಹಿಮಕ್ಕೆ ನೆಂಟನಾದ ‘ಜಿಮಾ’ ಎಂದರೆ ಚಳಿಗಾಲ. ಇದರಿಂದ ರಷ್ಯನ್ ಸಂಸ್ಕೃತದಿಂದ ಹುಟ್ಟಿತು ಎಂದು ಹೇಳಲಾಗದು. ಎರಡೂ ಒಂದೇ ಹಳೆಯ ಬೇರಿನ ಬೇರೆ ಬೇರೆ ಕವಲುಗಳು.

ಈ ನೆಂಟರಲ್ಲಿ ಒಂದು ಜೋಡಿ ನವಲಗುಂದ, ಅಣ್ಣಿಗೇರಿಯ ರೈತರಿಗೆ ವಿಶೇಷವಾದುದು. ರಷ್ಯನ್‌ನಲ್ಲಿ ‘ಚೋರ್ನಿ’ ಎಂದರೆ ಕಪ್ಪು. ಅದು ಸಂಸ್ಕೃತದ ‘ಕೃಷ್ಣ’ದ ನೆಂಟ. ‘ಜಿಮ್ಲ್ಯಾ’ ಎಂದರೆ ನೆಲ. ಅದು ಭೂಮಿಗೆ ಸಂಸ್ಕೃತದಲ್ಲಿರುವ ‘ಕ್ಷಮಾ’ ಎಂಬ ಹೆಸರಿನ ನೆಂಟ. ಎರಡೂ ಸೇರಿ ‘ಚರ್ನಜ್ಯೋಮ್’ ಆಯಿತು. ಉಕ್ರೇನ್ ಮತ್ತು ದಕ್ಷಿಣ ರಷ್ಯಾದ ಪ್ರಸಿದ್ಧ ಕಪ್ಪು ಮಣ್ಣಿನ ಹೆಸರದು. ಆಧುನಿಕ ಮಣ್ಣು ವಿಜ್ಞಾನ ಹುಟ್ಟಿದ್ದೇ ಆ ಮಣ್ಣಿನ ಅಧ್ಯಯನದಿಂದ ಎನ್ನಬಹುದು. ವಸೀಲಿ ದಕುಚಾಯೆವ್ 1883ರಲ್ಲಿ ಅದರ ಬಗ್ಗೆ ಬರೆದ ಗ್ರಂಥ ಆ ಶಾಸ್ತ್ರಕ್ಕೆ ತಳಹದಿಯಾಯಿತು.

ಅದು ಇಲ್ಲಿಯ ಎರೆಮಣ್ಣಲ್ಲ. ಅಲ್ಲಿಯ ಕಪ್ಪಿಗೆ ಸಾವಿರಾರು ವರ್ಷ ಬೆಳೆದು ಕೊಳೆತ ಹುಲ್ಲುಗಾವಲಿನ ಸಾರವೇ ಕಾರಣ. ಇಲ್ಲಿಯದು ಜಿಗುಟು ಜೇಡಿಯ ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಆದರೆ ಮಣ್ಣು ವಿಜ್ಞಾನದ ಅನೇಕ ಹೆಸರುಗಳು ರಷ್ಯನ್ ಮೂಲದವು. ಮಲಪ್ರಭಾ ಕಾಲುವೆಯ ನೀರು ಬಂದ ಮೇಲೆ ಎರೆ ಹೊಲಗಳು ಕೆಲವೆಡೆ ಜವಳು ಹಿಡಿದು ಸವುಳಾದವು. ಕರ ಮತ್ತು ನೀರಾವರಿಯ ಪ್ರಶ್ನೆಗಳು 1980ರ ಜುಲೈನಲ್ಲಿ ನವಲಗುಂದ, ನರಗುಂದಗಳ ರೈತ ಬಂಡಾಯಕ್ಕೆ ಕಾರಣವಾದವು. ಉಪ್ಪು ಹೊಕ್ಕ ನೆಲಕ್ಕೆ ವಿಜ್ಞಾನದಲ್ಲಿ ‘ಸೊಲೊಂಚಾಕ್’, ‘ಸೊಲೊನೆತ್ಸ್’ ಎಂದು ಹೆಸರು. ರಷ್ಯನ್‌ನಲ್ಲಿ ‘ಸೋಲ್’ ಎಂದರೆ ಉಪ್ಪು. ಕೃಷಿ ಪದವಿ ಓದುವ ರೈತರ ಮಕ್ಕಳು ಇಂಗ್ಲಿಷ್ ಎಂದುಕೊಂಡು ಬಾಯಿಪಾಠ ಮಾಡುವುದು ರಷ್ಯನ್ ಹಳ್ಳಿಗರ ಮಾತನ್ನು.

ರಷ್ಯನ್ ಒಂದೇ ಅಲ್ಲ

ಸ್ಲಾವಿಕ್ ಎಂದರೆ ರಷ್ಯನ್ ಮಾತ್ರ ಎಂದು ತಿಳಿಯುವುದು ತಪ್ಪು. ಪೂರ್ವದಲ್ಲಿ ರಷ್ಯನ್, ಉಕ್ರೇನಿಯನ್, ಬೆಲರೂಸಿಯನ್. ಪಶ್ಚಿಮದಲ್ಲಿ ಪೋಲಿಷ್, ಚೆಕ್, ಸ್ಲೊವಾಕ್. ದಕ್ಷಿಣದಲ್ಲಿ ಬಲ್ಗೇರಿಯನ್, ಸರ್ಬಿಯನ್, ಕ್ರೊಯೇಷಿಯನ್ ಮೊದಲಾದವು. ಕನ್ನಡ, ತುಳು, ತಮಿಳು, ತೆಲುಗುಗಳಂತೆ ಇವೂ ಒಂದೇ ಮನೆಯವು, ಆದರೆ ಒಲೆ ಬೇರೆ ಬೇರೆ.

ಅವುಗಳ ಸಾಹಿತ್ಯದ ಆರಂಭ ಕನ್ನಡದ ಆರಂಭಕ್ಕೆ ಸಮಕಾಲೀನ. ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸೋದರರು ಸ್ಲಾವ್ ಜನರ ಮಾತಿಗೆ ಲಿಪಿ ರೂಪಿಸಿ, ಧರ್ಮಗ್ರಂಥಗಳನ್ನು ಅನುವಾದಿಸಲು 863ರಲ್ಲಿ ಮೊರಾವಿಯಾಕ್ಕೆ ಹೊರಟರು. ‘ಕವಿರಾಜಮಾರ್ಗ’ದ ಕಾಲ ಸುಮಾರು 850. ಅಲ್ಲಿ ಗ್ರೀಕ್, ಲ್ಯಾಟಿನ್‌ಗಳ ಎದುರು, ಇಲ್ಲಿ ಸಂಸ್ಕೃತದ ಎದುರು, ಜನರಾಡುವ ಮಾತೂ ಗ್ರಂಥಕ್ಕೆ ಯೋಗ್ಯ ಎಂದು ತೋರಿಸುವ ಕೆಲಸ ಒಂದೇ ಕಾಲದಲ್ಲಿ ನಡೆದಿತ್ತು. ಪಂಪನ ಊರೆಂದು ಹೆಸರಾದ ಅಣ್ಣಿಗೇರಿಯವರಿಗೆ ಇದರ ಮಹತ್ವ ಹೇಳಬೇಕಿಲ್ಲ.

ಇನ್ನೊಂದು ಸಮಾನ ನೆನಪು ನೋವಿನದು. 1876ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಉಕ್ರೇನಿಯನ್ ಭಾಷೆಯಲ್ಲಿ ಪುಸ್ತಕ ಮುದ್ರಿಸುವುದನ್ನು ನಿಷೇಧಿಸಿದ. ಅದು ಬೇರೆ ಭಾಷೆಯೇ ಅಲ್ಲ, ರಷ್ಯನ್‌ನ ಒಂದು ಹಳ್ಳಿಗಾಡಿನ ರೂಪ ಎಂಬುದು ಅಲ್ಲಿಯ ಅಧಿಕಾರಿಗಳ ವಾದ. ಸರಿಸುಮಾರು ಅದೇ ದಶಕಗಳಲ್ಲಿ ಧಾರವಾಡ ಸೀಮೆಯಲ್ಲಿ ಕನ್ನಡದ ಮಕ್ಕಳು ಮರಾಠಿ ಶಾಲೆಗಳಲ್ಲಿ ಓದಬೇಕಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಇಲ್ಲಿ ಕನ್ನಡದ ಮೇಲೆ ನಿಷೇಧವಿರಲಿಲ್ಲ, ಆದ್ದರಿಂದ ಎರಡೂ ಒಂದೇ ಅಲ್ಲ. ಆದರೆ ತನ್ನ ನೆಲದಲ್ಲೇ ತನ್ನ ಮಾತು ಎರಡನೆಯದಾಗುವ ಕಷ್ಟ ಧಾರವಾಡಕ್ಕೆ ಗೊತ್ತು. ಉಕ್ರೇನಿಯನ್ನರು ತಮ್ಮ ರಾಜಧಾನಿಯನ್ನು ‘ಕೀವ್’ ಎಂದೇ ಬರೆಯಿರಿ, ರಷ್ಯನ್ ರೂಪವಾದ ‘ಕಿಯೆವ್’ ಬೇಡ ಎಂದು ಏಕೆ ಹಟ ಹಿಡಿಯುತ್ತಾರೆ ಎಂಬುದು ಇಲ್ಲಿಯವರಿಗೆ ಬೇಗ ಅರ್ಥವಾಗಬೇಕು.

ಸ್ಲಾವ್ ಜನರ ಸಂಕಟ ಕನ್ನಡ ನಾಡಿನ ಅಂಚಿಗೂ ಬಂದಿತ್ತು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟದ ದೂರದ ಪ್ರದೇಶಗಳಿಗೆ ಗಡೀಪಾರಾಗಿ, ಅಲ್ಲಿಂದ ಇರಾನ್ ಮೂಲಕ ಹೊರಬಂದ ಪೋಲೆಂಡಿನ ನಿರಾಶ್ರಿತರಲ್ಲಿ ಸುಮಾರು 5,000 ಮಂದಿ 1943ರಿಂದ 1948ರವರೆಗೆ ಬೆಳಗಾವಿಯಾಚೆಯ ಕೊಲ್ಹಾಪುರದ ಬಳಿ ವಳಿವಡೆಯಲ್ಲಿ ನೆಲೆಸಿದ್ದರು. ಅವರ ಮಕ್ಕಳಿಗೆ ಪೋಲಿಷ್ ಭಾಷೆಯಲ್ಲೇ ಶಾಲೆಗಳು ನಡೆದವು. ಊರು ಬಿಟ್ಟು ಬಂದವರು ಭಾಷೆಯನ್ನು ಬಿಟ್ಟಿರಲಿಲ್ಲ.

ಕಲಿಯುವವರು ಯಾರು?

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿದ್ದಿತು. ಅಗ್ಗದ ಕನ್ನಡ ಪುಸ್ತಕಗಳ ಹರಿವು ನಿಂತಿತು. ರಷ್ಯನ್ ಕಲಿಯುವ ಉತ್ಸಾಹ ಇಳಿಯಿತು. ಆದರೆ ಅಗತ್ಯ ಇಲ್ಲವಾಗಲಿಲ್ಲ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ರಷ್ಯನ್ ಕಲಿತಿದ್ದರು. ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ಪೈಲಟ್‌ಗಳು 2020–21ರಲ್ಲಿ ರಷ್ಯಾದಲ್ಲಿ ತರಬೇತಿ ಪಡೆಯುವಾಗಲೂ ಅದನ್ನು ಕಲಿಯಬೇಕಾಯಿತು.

ಹೆಚ್ಚು ಕಠಿಣವಾದ ಪಾಠ 2022ರಲ್ಲಿ ಬಂತು. ಆ ವರ್ಷ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಅಲ್ಲಿ ಭಾರತದ ಸಾವಿರಾರು ವೈದ್ಯಕೀಯ ವಿದ್ಯಾರ್ಥಿಗಳಿದ್ದರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿ ಹಾವೇರಿ ಜಿಲ್ಲೆಯವನು. 1997ರವರೆಗೆ ಅದು ಧಾರವಾಡ ಜಿಲ್ಲೆಯದೇ ಭಾಗವಾಗಿತ್ತು. ಒಟ್ಟು 22 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತರಲಾಯಿತು. ಈ ವಿದ್ಯಾರ್ಥಿಗಳ ಪಾಠ ಇಂಗ್ಲಿಷಿನಲ್ಲಿ ನಡೆದರೂ, ಆಸ್ಪತ್ರೆಯ ರೋಗಿಗಳು ಆಡುವುದು ಉಕ್ರೇನಿಯನ್ ಅಥವಾ ರಷ್ಯನ್. ಎಲ್ಲಿ ನೋವು ಎಂದು ಕೇಳಲೂ ಆ ಭಾಷೆ ಬೇಕು. ಊರಿನಲ್ಲಿ ಕಾತರದಿಂದ ಕಾದ ತಂದೆ ತಾಯಂದಿರಿಗೆ ಯುದ್ಧದ ಸುದ್ದಿ ಮುಟ್ಟಿದ್ದು ಇಂಗ್ಲಿಷಿನ ಮೂಲಕ. ರಷ್ಯನ್ನರು ಏನು ಹೇಳುತ್ತಿದ್ದಾರೆ, ಉಕ್ರೇನಿಯನ್ನರು ಏನು ಹೇಳುತ್ತಿದ್ದಾರೆ ಎಂಬುದನ್ನು ಅವರವರ ಮಾತಿನಲ್ಲೇ ಓದಿ ಕನ್ನಡಕ್ಕೆ ತಿಳಿಸಬಲ್ಲವರ ಬೆಲೆ ಆಗ ಗೊತ್ತಾಗುವಂತಿತ್ತು.

ಹಾಗೆ ಕಲಿಯಬೇಕೆನ್ನುವವರಿಗೆ ದಾರಿ ಮುಚ್ಚಿಲ್ಲ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ರಷ್ಯನ್ ಪದವಿಗೆ ಸೇರಲು ಮೊದಲೇ ರಷ್ಯನ್ ಗೊತ್ತಿರಬೇಕೆಂಬ ನಿಯಮವಿಲ್ಲ, ಅಕ್ಷರದಿಂದಲೇ ಪಾಠ ಆರಂಭ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ 2022ರಲ್ಲಿ ಬಂದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮಾಧ್ಯಮಗಳಲ್ಲಿ ಕನ್ನಡವೂ ಸೇರಿದೆ. ತರಗತಿಯಲ್ಲಿ, ಪಠ್ಯಪುಸ್ತಕದಲ್ಲಿ ಇಂಗ್ಲಿಷ್ ಎದುರಾಗುತ್ತದೆ ಎಂಬುದು ನಿಜ. ಆದರೆ ವಿಭಕ್ತಿಯ ಪಾಠ ಬಂದಾಗ, ‘ನನಗೆ’, ‘ನನ್ನ ಕಡೆ’, ‘ಇಲ್ಲ’ ಎಂಬ ಪಾಠ ಬಂದಾಗ, ಇಂಗ್ಲಿಷನ್ನು ಬದಿಗಿಟ್ಟು ಮನೆಯ ಮಾತನ್ನು ನೆನೆಸಿಕೊಂಡವರು ಬೇಗ ಮುಂದೆ ಹೋಗುತ್ತಾರೆ.

ಟಾಲ್‌ಸ್ಟಾಯ್‌ನ ರೈತರು ಬಿತ್ತನೆ, ಕೊಯ್ಲು, ರಾಶಿ, ಸಾಲ, ಊರ ಪಂಚಾಯಿತಿಗಳ ನಡುವೆ ಬದುಕುವವರು. ಅವರ ಮಾತನ್ನು ಕನ್ನಡಕ್ಕೆ ತರಲು ಬೇಕಾದ ಪದಗಳು ನಗರದ ನಿಘಂಟುಗಳಿಗಿಂತ ಹೆಚ್ಚಾಗಿ ಎರೆ ಸೀಮೆಯ ಹೊಲ, ಹಗೇವು, ಕಣಗಳಲ್ಲಿ ಉಳಿದಿವೆ. ಆ ಪದಗಳನ್ನು ಬಲ್ಲ ಒಬ್ಬ ಹುಡುಗಿ ಅಥವಾ ಹುಡುಗ ರಷ್ಯನ್ ಕಲಿತರೆ, ‘ಮಿರ್’ಗೆ ‘ದೈವ’ ಎಂದು ಬರೆಯಬೇಕೋ ಬೇಡವೋ ಎಂಬುದನ್ನು ಇಂಗ್ಲಿಷ್ ಪುಸ್ತಕವನ್ನು ಕೇಳದೆ ತೀರ್ಮಾನಿಸಬಹುದು.